ಹೊರಬಾಗಿಲು ನೋಡಿಕೊಂಡು ಒಳಗೆ ಹೋಗಿ: ಬುಕ್ಕಾಂಬುಧಿಯ ಕಂಪ್ಯೂಟರ್ ಅಂಗಡಿಯಿಂದ 14 ಪಾಠಗಳು

ಬುಕ್ಕಾಂಬುಧಿಯಲ್ಲಿ ನನ್ನದು ಜೆರಾಕ್ಸ್, ಆನ್‌ಲೈನ್ ಅರ್ಜಿ, ಕಂಪ್ಯೂಟರ್ ರಿಪೇರಿಯ ಅಂಗಡಿ. ಅಡಿಕೆ, ತೆಂಗು, ಈರುಳ್ಳಿ ಬೆಳೆಯುವವರು, ಶಾಲೆ ಮಕ್ಕಳು, ನಿವೃತ್ತ ಮೇಷ್ಟ್ರುಗಳು ಒಂದಲ್ಲ ಒಂದು ಕೆಲಸಕ್ಕೆ ಬಂದು ಹೋಗುತ್ತಾರೆ. ಕೆಲವು ವರ್ಷಗಳಿಂದ ನನ್ನ ಮೇಲ್, ಫೋಟೊ, ಬ್ರೌಸರ್, ಮೆಸೇಜು, ಮ್ಯಾಪುಗಳನ್ನು ಗೂಗಲ್, ಮೆಟಾ, ಮೈಕ್ರೋಸಾಫ್ಟ್‌ಗಳ ಕೈಯಿಂದ ಬಿಡಿಸಿ ಮುಕ್ತ ತಂತ್ರಾಂಶಗಳ ಕಡೆಗೆ ತರುತ್ತಾ ಬಂದಿದ್ದೇನೆ. ಕೇಳಿದವರಿಗೂ ಮಾಡಿಕೊಟ್ಟಿದ್ದೇನೆ. ಕೆಲವರು ಒಗ್ಗಿಕೊಂಡರು, ಕೆಲವರು ವಾರದೊಳಗೆ ಹಳೆಯದಕ್ಕೇ ಮರಳಿದರು. ಇಬ್ಬರಿಂದಲೂ ಕಲಿತದ್ದು ಇಲ್ಲಿದೆ.

ಒಂದು ಆ್ಯಪ್ ಯಾವ ದೇಶದ್ದು, ಯಾರದ್ದು, ದುಡ್ಡೆಷ್ಟು ಎಂದು ಜನ ಮೊದಲು ಕೇಳುತ್ತಾರೆ. ಅವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ನಾನು ಈಗ ಮೊದಲು ಕೇಳುವುದು ಬೇರೆ: ನಾಳೆ ಇದು ಬೇಡ ಅನ್ನಿಸಿದರೆ, ನನ್ನ ಸಾಮಾನೆಲ್ಲ ಕಟ್ಟಿಕೊಂಡು ಹೊರಗೆ ಬರಲು ಆಗುತ್ತದಾ?

1. "ನಮ್ಮ ಹತ್ರ ಮುಚ್ಚಿಡೋಕೆ ಏನಿದೆ?" ಅನ್ನುವವರ ಜೊತೆ ವಾದಕ್ಕಿಳಿಯಬೇಡಿ

ಈ ಪ್ರಶ್ನೆ ಅಂಗಡಿಯಲ್ಲಿ ಖಾಯಂ. ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ. ಅವರದೇ ಫೋನು ತೆಗೆದು ಪರ್ಮಿಶನ್ ಪಟ್ಟಿ ತೋರಿಸುತ್ತೇನೆ. ಯಾವುದು ಕಾಂಟ್ಯಾಕ್ಟ್ ಓದುತ್ತದೆ, ಯಾವುದಕ್ಕೆ ಮೈಕು ಬೇಕು, ಯಾವುದು ನೀವಿರುವ ಜಾಗವನ್ನು ಸದಾ ನೋಡುತ್ತಿರುತ್ತದೆ, ಎಲ್ಲ ಅಲ್ಲಿದೆ. "ಈ ಟಾರ್ಚ್ ಆ್ಯಪಿಗೆ ನಿಮ್ಮ ಸೊಸೆ ನಂಬರ್ ಯಾಕೆ ಬೇಕು ಗೌಡ್ರೇ?" ಅಂದರೆ ಸಾಕು, "ತೆಗೆದಾಕಪ್ಪ ಅದನ್ನ" ಎಂದು ಅವರೇ ಹೇಳುತ್ತಾರೆ. ದಿಢೀರ್ ಸಾಲದ ಆ್ಯಪುಗಳು ಕಾಂಟ್ಯಾಕ್ಟ್ ಪಟ್ಟಿ ಎತ್ತಿಕೊಂಡು, ಕಂತು ತಪ್ಪಿದಾಗ ನೆಂಟರಿಷ್ಟರಿಗೆಲ್ಲ ಫೋನು ಮಾಡಿ ಮಾನ ಕಳೆಯುವುದು ಎಲ್ಲರಿಗೂ ಗೊತ್ತು. ನನ್ನ ಫೋನಿನಲ್ಲಿ ಇನ್ನೊಬ್ಬರ ಮಾನವೂ ಇದೆ ಅನ್ನುವುದು ಆಗ ತಲೆಗೆ ಹೋಗುತ್ತದೆ.

ಮೇಷ್ಟ್ರುಗಳು ಕಾನೂನು ಕೇಳುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ನಮ್ಮ ರಾಜ್ಯದ ಹಿರಿಯರೊಬ್ಬರು ಆ ವಯಸ್ಸಿನಲ್ಲಿ ದೆಹಲಿಯವರೆಗೆ ಹೋಗಿ ಪಡೆದ ಹಕ್ಕು ಇದು ಅಂದರೆ ಮಾತಿಗೆ ತೂಕ ಬರುತ್ತದೆ.

2. ಅಳಿಸುವ ಮೊದಲು ಪಟ್ಟಿ ಬರೆಯಿರಿ

ಉತ್ಸಾಹದಲ್ಲಿ ಜಿಮೇಲ್ ಖಾತೆ ಅಳಿಸಲು ಬರುವ ಹುಡುಗರಿಗೆ ನಾನು ಮೊದಲು ಕೊಡುವುದು ಒಂದು ಹಾಳೆ, ಒಂದು ಪೆನ್ನು. ಬ್ಯಾಂಕು, ಎಲ್‌ಐಸಿ, ಡಿಜಿಲಾಕರ್, ಗ್ಯಾಸ್ ಬುಕಿಂಗು, ರೈಲ್ವೆ ಟಿಕೆಟು, ಕಾಲೇಜು, ಸ್ಕಾಲರ್‌ಶಿಪ್ಪು: ಯಾವುದಕ್ಕೆ ಯಾವ ಮೇಲ್, ಯಾವ ನಂಬರ್ ಕೊಟ್ಟಿದ್ದೀರಿ, ಬರೆಯಿರಿ. ಹೊಸ ಕೊಳವೆಬಾವಿಯಲ್ಲಿ ನೀರು ಕಾಣುವ ಮೊದಲು ಹಳೆಯದರ ಮೋಟಾರು ಯಾರೂ ಮೇಲೆತ್ತುವುದಿಲ್ಲ. ಇಲ್ಲೂ ಹಾಗೇ. ಹೊಸ ಮೇಲ್ ಮಾಡಿ, ಹಳೆಯದರಿಂದ ಅದಕ್ಕೆ ಫಾರ್ವರ್ಡ್ ಇಡಿ, ಒಂದೊಂದೇ ಕಡೆ ವಿಳಾಸ ಬದಲಿಸುತ್ತಾ ಪಟ್ಟಿಯಲ್ಲಿ ಗೀಟು ಹಾಕಿ. ವರ್ಷಕ್ಕೊಮ್ಮೆ ಮಾತ್ರ ಮೇಲ್ ಕಳಿಸುವ ಇಲಾಖೆಗಳಿರುತ್ತವೆ. ಆದ್ದರಿಂದ ಒಂದು ವರ್ಷವಾದರೂ ಹಳೆಯ ಖಾತೆ ಜೀವಂತ ಇರಲಿ.

3. ಬ್ರೌಸರ್‌ನಿಂದ ಶುರು ಮಾಡಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ

ಮೆಸೇಜು ಬದಲಿಸಬೇಕಾದರೆ ಎದುರಿನವರೂ ಬರಬೇಕು. ಬ್ರೌಸರ್ ಹಾಗಲ್ಲ, ಇವತ್ತು ಸಂಜೆಯೇ ಆಗುತ್ತದೆ. ಫೈರ್‌ಫಾಕ್ಸ್ ಕನ್ನಡದಲ್ಲೇ ಸಿಗುತ್ತದೆ. ಅದಕ್ಕೆ ಯುಬ್ಲಾಕ್ ಒರಿಜಿನ್ ಸೇರಿಸಿದರೆ ಜಾಹೀರಾತು, ಬೆನ್ನು ಹತ್ತುವ ಕುಕೀಗಳು ಬಹುಪಾಲು ನಿಲ್ಲುತ್ತವೆ, ಫೋನಿನಲ್ಲೂ ನಡೆಯುತ್ತದೆ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ ಮೇಲೆ ಅಲ್ಲಿ ಇದರ ಪೂರ್ಣ ರೂಪ ನಡೆಯುವುದಿಲ್ಲ. ತೋಟದಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರುವಾಗ ಜಾಹೀರಾತಿಲ್ಲದ ಪುಟ ಎಷ್ಟು ಬೇಗ ತೆರೆಯುತ್ತದೆ ಎಂದು ಒಮ್ಮೆ ನೋಡಿದವರಿಗೆ ಬೇರೆ ಪ್ರಚಾರ ಬೇಕಿಲ್ಲ.

ಹುಡುಕಾಟಕ್ಕೆ ಡಕ್‌ಡಕ್‌ಗೋ ಇಡುತ್ತೇನೆ. ಇಂಗ್ಲಿಷಿನಲ್ಲಿ ಹುಡುಕಿದರೆ ಕೊರತೆ ಕಾಣುವುದಿಲ್ಲ. ಕನ್ನಡದಲ್ಲಿ ಹುಡುಕಿದರೆ ಗೂಗಲ್ ಈಗಲೂ ಮುಂದಿದೆ. ಕನ್ನಡದ ಹುಡುಕಾಟವೇ ಹೆಚ್ಚಿರುವವರಿಗೆ ಗೂಗಲನ್ನೇ ಬಿಟ್ಟು, ಖಾತೆಗೆ ಲಾಗಿನ್ ಆಗದೆ ಹುಡುಕುವುದನ್ನು ಹೇಳಿಕೊಡುತ್ತೇನೆ.

4. ಕೀಬೋರ್ಡ್ ಎಲ್ಲವನ್ನೂ ನೋಡುತ್ತದೆ

ಮೆಸೇಜು ಎಷ್ಟೇ ಭದ್ರವಾಗಿರಲಿ, ನೀವು ಒತ್ತುವ ಪ್ರತಿ ಅಕ್ಷರ ಮೊದಲು ಹಾದು ಹೋಗುವುದು ಕೀಬೋರ್ಡ್ ಮೂಲಕ. ಹೆಲಿಬೋರ್ಡ್‌ನಂಥ ಮುಕ್ತ ಕೀಬೋರ್ಡ್‌ಗಳು ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಇಂಡಿಕ್ ಕೀಬೋರ್ಡಿನಲ್ಲೂ ಕನ್ನಡ ಇದೆ. ಕಂಪ್ಯೂಟರಿನಲ್ಲಿ ಇನ್ನೂ ಸುಲಭ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿ ತಂತ್ರಾಂಶದಲ್ಲಿ ಕೈಗೆ ಕೂತಿರುವ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿ ಮೊದಲೇ ಸೇರಿದೆ. ಬೆರಳು ಏನನ್ನೂ ಹೊಸದಾಗಿ ಕಲಿಯಬೇಕಿಲ್ಲ.

ಆದರೆ ನಮ್ಮೂರಿನ ಅರ್ಧ ಜನ ಟೈಪ್ ಮಾಡುವುದೇ ಇಲ್ಲ, ಮೈಕು ಒತ್ತಿ ಕನ್ನಡದಲ್ಲಿ ಮಾತಾಡುತ್ತಾರೆ. ಕನ್ನಡ ಮಾತನ್ನು ಬರಹ ಮಾಡುವುದರಲ್ಲಿ ಗೂಗಲಿನ ಕೀಬೋರ್ಡಿಗೆ ಸಾಟಿಯಾಗಿ, ಫೋನಿನೊಳಗೇ ನಡೆಯುವ ಮುಕ್ತ ಆ್ಯಪ್ ನನಗೆ ಸಿಕ್ಕಿಲ್ಲ. ಕಣ್ಣು ಮಂಜಾದ ಅಜ್ಜಿಯ ಫೋನಿನಿಂದ ಅದನ್ನು ತೆಗೆಯುವುದು ನ್ಯಾಯವಲ್ಲ. ಅಂಥವರಿಗೆ ಎರಡೂ ಕೀಬೋರ್ಡ್ ಇಡುತ್ತೇನೆ. ಪಾಸ್‌ವರ್ಡ್ ಹೊಡೆಯುವಾಗ ಮುಕ್ತವಾದದ್ದು, ಮಾತಾಡುವಾಗ ಇನ್ನೊಂದು.

5. ನುಡಿ ಕಡತಗಳು ನಮಗೆ ಈ ಪಾಠವನ್ನು ಎಂದೋ ಕಲಿಸಿವೆ

ಕಡತ ನನ್ನದು, ಬೀಗ ಇನ್ನೊಬ್ಬರದು ಅನ್ನುವ ಕಷ್ಟವನ್ನು ಕನ್ನಡದ ಡಿಟಿಪಿಯವರಿಗೆ ಯಾರೂ ವಿವರಿಸಬೇಕಿಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿಗಳಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟ್ ಇರುವವರೆಗೆ ಅದು ಕನ್ನಡ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪೌಂಡ್ ಚಿಹ್ನೆಗಳೂ ತಲೆ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳೂ ಕಲಸಿದ ರಾಶಿ. ಒಬ್ಬರ ಕಡತ ಇನ್ನೊಬ್ಬರ ತಂತ್ರಾಂಶದಲ್ಲಿ ತೆರೆಯದೆ ಎಷ್ಟು ಪುಸ್ತಕಗಳ ಕೆಲಸ ಎರಡೆರಡು ಸಲ ಆಗಿದೆಯೋ! ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು.

ಆದ್ದರಿಂದ ಯಾರಾದರೂ ಲಿನಕ್ಸ್ ಹಾಕಿಕೊಡಿ ಎಂದು ಬಂದರೆ ಮೊದಲು ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತರುತ್ತೇನೆ. ಅರವಿಂದ ವಿ.ಕೆ. ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟ ಪರಿವರ್ತಕ ಇದೆ. ಪರಿವರ್ತಿಸಿದ ಮೇಲೆ ಮೂರು ಜಾಗ ಕಣ್ಣಿಟ್ಟು ನೋಡಬೇಕು: ಅರ್ಕಾವತ್ತು, ಒತ್ತಕ್ಷರದ ಮೇಲೆ ಒತ್ತಕ್ಷರ ಬರುವ ಪದಗಳು, ಮತ್ತು ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳು. ಕೊನೆಯವನ್ನು ಪರಿವರ್ತಕ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಮೂಲ ಕಡತವನ್ನು ಎಂದೂ ಅಳಿಸಬೇಡಿ. ಊರಿನ ಇತಿಹಾಸ, ಭಜನೆ ಪದ, ವಂಶಾವಳಿ ಬರೆದಿಟ್ಟ ಮೇಷ್ಟ್ರುಗಳ ಹಳೆಯ ಸಿಡಿಗಳು ನಿಮ್ಮೂರಿನಲ್ಲೂ ಇದ್ದರೆ ಮಿಕ್ಕ ಪಾಠ ಆಮೇಲೆ, ಮೊದಲು ಈ ಕೆಲಸ ಮಾಡಿ.

6. ವಾಟ್ಸಾಪನ್ನು ಒಬ್ಬರೇ ಬಿಡಲು ಆಗುವುದಿಲ್ಲ

ಶಿವಮೊಗ್ಗ, ಬೀರೂರು, ಚನ್ನಗಿರಿಯ ಅಡಿಕೆ ಧಾರಣೆ ಬರುವುದು ವಾಟ್ಸಾಪಿನಲ್ಲಿ. ಶಾಲೆಯ ನೋಟೀಸು, ಸಂಘದ ಮೀಟಿಂಗು, ಸಾವಿನ ಸುದ್ದಿಯೂ ಅಲ್ಲೇ. "ಬಿಟ್ಟುಬಿಡಿ" ಎಂದು ರೈತರಿಗೆ ಹೇಳುವುದು ಸಂತೆಗೆ ಹೋಗಬೇಡಿ ಅಂದ ಹಾಗೇ. ಸೇವೆ ಚೆನ್ನಾಗಿದೆ ಎಂದು ಅಲ್ಲಿರುವವರಿಗಿಂತ ಎಲ್ಲರೂ ಅಲ್ಲಿದ್ದಾರೆ ಎಂದು ಇರುವವರೇ ಹೆಚ್ಚು. 2021ರ ಜನವರಿಯಲ್ಲಿ ವಾಟ್ಸಾಪ್ ತನ್ನ ಖಾಸಗಿತನ ನೀತಿ ಬದಲಿಸುವುದಾಗಿ ಹೇಳಿದಾಗ ಜನ ಸಿಗ್ನಲ್ ಎಂಬ ಮುಕ್ತ ಮೆಸೇಜ್ ಆ್ಯಪಿನ ಕಡೆ ನುಗ್ಗಿದರು. ಆ ನೀತಿಗಾಗಿ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಆದರೆ ಅಂದು ಸಿಗ್ನಲ್ ಹಾಕಿಕೊಂಡವರಲ್ಲಿ ಬಹಳ ಮಂದಿ, ಮಾತಾಡಲು ಅಲ್ಲಿ ಯಾರೂ ಇಲ್ಲವೆಂದು ವಾಪಸ್ ಬಂದರು.

ನಿಂತದ್ದು ಒಂದೇ ದಾರಿ: ಒಂದು ಸಲಕ್ಕೆ ಒಂದು ಬಳಗ. ಬೆಂಗಳೂರಿನಲ್ಲಿರುವ ಮಗ, ಶಿವಮೊಗ್ಗದ ಮಗಳು, ಊರಿನ ಅಪ್ಪ ಅಮ್ಮ, ಇಷ್ಟು ಜನರ ಮನೆ ಗುಂಪು ಸಿಗ್ನಲ್‌ಗೆ ಬರಲಿ. ಅಲ್ಲಿ ಮೊಮ್ಮಗುವಿನ ಫೋಟೊ ಬಂದರೆ ಅಜ್ಜ ತಾನಾಗಿ ಬರುತ್ತಾರೆ. ಧಾರಣೆ ಗುಂಪು ವಾಟ್ಸಾಪಿನಲ್ಲೇ ಇರಲಿ. ಎರಡರ ನಡುವಿನ ವ್ಯತ್ಯಾಸ ಕೇಳಿದವರಿಗೆ ಹೀಗೆ ಹೇಳುತ್ತೇನೆ: ಇಬ್ಬರೂ ಮಾತನ್ನು ಬೀಗ ಹಾಕಿಯೇ ಕಳಿಸುತ್ತಾರೆ, ಆದರೆ ಯಾರು ಯಾರಿಗೆ ಯಾವಾಗ ಎಂಬ ಲೆಕ್ಕವನ್ನು ಸಿಗ್ನಲ್ ಇಟ್ಟುಕೊಳ್ಳುವುದಿಲ್ಲ. 2016ರಲ್ಲಿ ಅಮೆರಿಕದ ನ್ಯಾಯಾಲಯವೊಂದರ ಸಮನ್ಸ್ ಬಂದಾಗ ಖಾತೆ ತೆರೆದ ಸಮಯ, ಕೊನೆಯದಾಗಿ ಸಂಪರ್ಕಕ್ಕೆ ಬಂದ ದಿನ, ಇವೆರಡನ್ನು ಬಿಟ್ಟು ಕೊಡಲು ಅವರ ಬಳಿ ಏನೂ ಇರಲಿಲ್ಲ.

ಒಂದು ಎಚ್ಚರಿಕೆ. ಆಂಡ್ರಾಯ್ಡ್ ಫೋನಿನೊಳಗೆ ಸಿಗ್ನಲ್ ಬ್ಯಾಕಪ್ ಇಡುವಾಗ ಉದ್ದನೆಯ ಕೀಲಿ ಕೊಡುತ್ತದೆ. ಅದನ್ನು ಬರೆದಿಟ್ಟುಕೊಳ್ಳದಿದ್ದರೆ, ಬ್ಯಾಕಪ್ಪನ್ನು ಫೋನಿನಿಂದ ಬೇರೆ ಕಡೆ ನಕಲು ಮಾಡದಿದ್ದರೆ, ಫೋನು ಕೆರೆಗೆ ಬಿದ್ದ ದಿನ ಹಳೆಯ ಮಾತೆಲ್ಲ ಹೋಗುತ್ತದೆ. ಇದನ್ನು ಮೊದಲ ದಿನವೇ ಹೇಳಿ.

7. "ನಮ್ಮವರದ್ದು" ಅಂದರೆ ಸಾಲದು

ಕೂ ನೆನಪಿದೆಯಾ? ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಕನ್ನಡದಿಂದಲೇ ಶುರುವಾದದ್ದು. ಟ್ವಿಟರ್ ಮೇಲೆ ಸಿಟ್ಟಿದ್ದವರು, ಕನ್ನಡಕ್ಕೆ ಜಾಗ ಸಿಕ್ಕಿತೆಂದು ಹಿಗ್ಗಿದವರು, ಮಂತ್ರಿಗಳು, ಸಿನಿಮಾ ನಟರು ಎಲ್ಲರೂ ಹೋದರು. ದುಡ್ಡು ಹೂಡುವವರು ಸಿಗದೆ 2024ರ ಜುಲೈನಲ್ಲಿ ಅದು ಮುಚ್ಚುವುದಾಗಿ ಸ್ಥಾಪಕರು ಹೇಳಿದರು. ಕನ್ನಡದಲ್ಲಿ ಬರೆಯುತ್ತಾ ಕಟ್ಟಿಕೊಂಡ ಬಳಗಗಳು ಚದುರಿದವು. ಅಮೆರಿಕದ ದೊಡ್ಡ ಕಂಪನಿಗಳೂ ಹೀಗೇ ಮಾಡಿವೆ: ಗೂಗಲ್ 2013ರಲ್ಲಿ ರೀಡರ್ ಮುಚ್ಚಿತು, 2014ರಲ್ಲಿ ಆರ್ಕುಟ್, 2019ರಲ್ಲಿ ಗೂಗಲ್ ಪ್ಲಸ್. ಮಾಲೀಕ ಯಾವ ಊರಿನವನಾದರೂ ಅಂಗಡಿ ಮುಚ್ಚುವ ದಿನ ಗಿರಾಕಿ ಹೊರಗೇ.

ಟ್ವಿಟರಿನಂಥದೇ ಮುಕ್ತ ಜಾಲವಾದ ಮಾಸ್ಟೊಡಾನ್‌ನಲ್ಲಿ ಒಂದು ಸರ್ವರ್ ಸರಿ ಬರದಿದ್ದರೆ ನಿಮ್ಮನ್ನು ಹಿಂಬಾಲಿಸುವವರನ್ನು ಇನ್ನೊಂದು ಸರ್ವರ್‌ಗೆ ಕರೆದೊಯ್ಯಬಹುದು. ಅಲ್ಲಿ ಕನ್ನಡದ ಜನ ಕಡಿಮೆ, ನಿಜ. ಆದರೆ ಅವರನ್ನು ಕಳೆದುಕೊಳ್ಳುವ ಭಯ ಕಡಿಮೆ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋಹೋ ಕಂಪನಿಯ ಅರಟ್ಟೈ ಮೆಸೇಜ್ ಆ್ಯಪ್ ಹಾಕಿಕೊಡಿ ಎಂದು ಬಹಳ ಜನ ಬಂದರು. ನಾನು ಬೇಡ ಅನ್ನಲಿಲ್ಲ. ಆಗ ಅದರಲ್ಲಿ ಕರೆಗಳಿಗೆ ಪೂರ್ತಿ ಎನ್‌ಕ್ರಿಪ್ಶನ್ ಇತ್ತು, ಬರೆದ ಸಂದೇಶಗಳಿಗೆ ಇರಲಿಲ್ಲ. ಅಷ್ಟು ಹೇಳಿ ಹಾಕಿಕೊಟ್ಟೆ.

8. ಒಳ್ಳೆಯ ಸೇವೆಯ ಮೇಲೂ ಪೂರ್ತಿ ಭಾರ ಹಾಕಬೇಡಿ

ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಖಾಸಗಿತನಕ್ಕೆ ಹೆಸರಾದದ್ದು. 2025ರ ಏಪ್ರಿಲ್ 29ರಂದು ನಮ್ಮ ಹೈಕೋರ್ಟು, ಒಂದು ಕಂಪನಿಯ ಮಹಿಳಾ ಉದ್ಯೋಗಿಗಳ ಬಗ್ಗೆ ಅಶ್ಲೀಲ ಮೇಲ್‌ಗಳು ಬಂದ ಪ್ರಕರಣದಲ್ಲಿ, ಪ್ರೋಟಾನ್ ಮೇಲನ್ನು ದೇಶದಲ್ಲಿ ತಡೆಯುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರಕ್ಕೆ ನಿರ್ದೇಶನ ಕೊಟ್ಟಿತು. ಮರುದಿನವೇ ಫೋನು: "ಅಣ್ಣ, ನನ್ನ ಮೇಲ್ ಗತಿ ಏನು?" 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 14 ಮೆಸೇಜಿಂಗ್ ಆ್ಯಪುಗಳನ್ನು ತಡೆದಾಗ ಎಲಿಮೆಂಟ್, ಬ್ರಯಾರ್‌ನಂಥ ಮುಕ್ತ ತಂತ್ರಾಂಶಗಳೂ ಆ ಪಟ್ಟಿಯಲ್ಲಿದ್ದವು.

ನೊಂದ ಹೆಣ್ಣುಮಕ್ಕಳಿಗೆ ನ್ಯಾಯ ಬೇಕು. ದಿನದ ಕೆಲಸಕ್ಕೆ ಅದೇ ಸೇವೆ ನಂಬಿದವರಿಗೆ ಬದಲಿ ದಾರಿಯೂ ಬೇಕು. ಬ್ಯಾಂಕಿನ ಮೇಲ್ ಒಂದು ಕಡೆ, ಮಾತುಕತೆಯದ್ದು ಇನ್ನೊಂದು ಕಡೆ ಇಡಿ. ತಿಂಗಳಿಗೊಮ್ಮೆ ಮೇಲ್‌ಗಳ ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಹೆಚ್ಚಿನ ಮೇಲ್ ಸೇವೆಗಳಿಗೆ ಥಂಡರ್‌ಬರ್ಡ್ ಸಾಕು. ವ್ಯಾಪಾರ ಇರುವವರು ಸ್ವಂತ ಡೊಮೇನ್ ಕೊಂಡರೆ ಒಳ್ಳೆಯದು. ಸೇವೆ ಬದಲಿಸಿದರೂ ವಿಳಾಸ ಬದಲಾಗುವುದಿಲ್ಲ.

9. ಎಪಿಕೆ ಹಾಕುವುದನ್ನು ಎಲ್ಲರಿಗೂ ಕಲಿಸಬೇಡಿ

ಪೇಟೆಯವರ ಸಲಹೆ ಹಳ್ಳಿಯಲ್ಲಿ ತಿರುಗುಬಾಣ ಆಗುವ ಜಾಗ ಇದು. ಎಫ್-ಡ್ರಾಯ್ಡ್ ಮುಕ್ತ ಆ್ಯಪುಗಳ ಒಳ್ಳೆಯ ಭಂಡಾರ, 2010ರಿಂದ ನಡೆಯುತ್ತಿದೆ. ಆದರೆ ಅದನ್ನು ಹಾಕಲು, ಪ್ಲೇ ಸ್ಟೋರಿನ ಹೊರಗಿನಿಂದ ಬರುವ ಆ್ಯಪುಗಳಿಗೆ ಫೋನು ಅಡ್ಡಿ ಮಾಡದಂತೆ ಅನುಮತಿ ಕೊಡಬೇಕು. ಇತ್ತ ಪಿಎಂ ಕಿಸಾನ್ ಹೆಸರಿನಲ್ಲಿ, ಬ್ಯಾಂಕ್ ಕೆವೈಸಿ ಹೆಸರಿನಲ್ಲಿ, ಮದುವೆ ಕರೆಯೋಲೆ ಹೆಸರಿನಲ್ಲಿ ಕಳ್ಳ ಎಪಿಕೆಗಳು, ಅಂದರೆ ಆ್ಯಪ್ ಹಾಕುವ ಕಡತಗಳು, ವಾಟ್ಸಾಪಿಗೆ ಬರುತ್ತಿವೆ. ಒತ್ತಿದರೆ ಒಟಿಪಿ ಕದ್ದು ಖಾತೆ ಖಾಲಿ. ಖಾಸಗಿತನದ ಹೆಸರಿನಲ್ಲಿ ಆ ಬಾಗಿಲನ್ನು ನಾವೇ ತೆರೆದು ಬಂದರೆ, ಕಳ್ಳ ಅದೇ ಬಾಗಿಲಿನಿಂದ ಬರುತ್ತಾನೆ.

ನಾನು ಪಾಲಿಸುವ ಕ್ರಮ ಇದು. ಹಿರಿಯರ ಫೋನಿಗೆ ಎಫ್-ಡ್ರಾಯ್ಡ್ ಹಾಕುವುದೇ ಇಲ್ಲ. ಸಿಗ್ನಲ್, ಫೈರ್‌ಫಾಕ್ಸ್ ಪ್ಲೇ ಸ್ಟೋರಿನಲ್ಲೇ ಇವೆ. ಬೇಕೆಂದು ಕೇಳುವ ಹುಡುಗರಿಗೆ ಅದರ ಅಧಿಕೃತ ತಾಣದಿಂದ ಇಳಿಸಿ, ಹಾಕಿದ ಕೂಡಲೇ ಬ್ರೌಸರಿಗೆ ಕೊಟ್ಟ ಅನುಮತಿ ವಾಪಸ್ ತೆಗೆಸುತ್ತೇನೆ. ವಾಟ್ಸಾಪಿಗಂತೂ ಆ ಅನುಮತಿ ಎಂದೂ ಇಲ್ಲ.

10. ಫೋಟೊ ಇಳಿಸುವಾಗ ತಾರೀಖು ಕಳೆಯದಂತೆ ನೋಡಿಕೊಳ್ಳಿ

ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗ ನಿಲ್ಲಿಸಿತು. ಈಗ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿ 15 ಜಿಬಿ. ಅದು ತುಂಬಿದರೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಅಂಗಡಿಗೆ ಬರುವ "ಒಟಿಪಿ ಮೇಲ್ ಬರ್ತಿಲ್ಲ" ಎಂಬ ದೂರುಗಳಲ್ಲಿ ಕೆಲವಕ್ಕೆ ಮೂಲ ಇಲ್ಲಿದೆ. ಗೂಗಲ್ ಟೇಕ್‌ಔಟ್‌ನಿಂದ ಎಲ್ಲವನ್ನೂ ಇಳಿಸಬಹುದು. ಆಗ ಫೋಟೊದ ಪಕ್ಕದಲ್ಲಿ ಅದೇ ಹೆಸರಿನ ಜೇಸನ್ ಕಡತಗಳು ಬರುತ್ತವೆ. ಕಸವೆಂದು ಅಳಿಸಬೇಡಿ, ನೀವು ತಿದ್ದಿದ ತಾರೀಖು, ಜಾಗ, ವಿವರಣೆ ಅದರಲ್ಲಿರುತ್ತದೆ. ಅವನ್ನು ಫೋಟೊದೊಳಗೆ ಸೇರಿಸುವ ಮುಕ್ತ ಉಪಕರಣಗಳಿವೆ.

ಫೋಟೊ ಇಡಲು ಇಮ್ಮಿಚ್ ಎಂಬ ಸೊಗಸಾದ ಮುಕ್ತ ತಂತ್ರಾಂಶ ಇದೆ, ಆದರೆ ಅದಕ್ಕೆ ಹಗಲೂ ರಾತ್ರಿ ಓಡುವ ಕಂಪ್ಯೂಟರ್ ಬೇಕು. ಕರೆಂಟು ಹೋಗಿ ಬರುವ ಊರಿನಲ್ಲಿ ನಾನು ಹೇಳುವುದು ಎರಡು ಹಾರ್ಡ್ ಡಿಸ್ಕ್. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಹಬ್ಬಕ್ಕೆ ಹೋದಾಗ ಅದಲು ಬದಲು ಮಾಡಿಕೊಳ್ಳಿ.

11. ಮ್ಯಾಪಿನಲ್ಲಿ ತೆಗೆದುಕೊಳ್ಳುವುದಕ್ಕಿಂತ ಕೊಡುವುದೇ ಹೆಚ್ಚು

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಅದನ್ನು ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆ್ಯಂಡ್ ಆ್ಯಪುಗಳು ಇಂಟರ್ನೆಟ್ ಇಲ್ಲದೆಯೂ ದಾರಿ ತೋರಿಸುತ್ತವೆ. ಅಂಗಡಿಗಳ ಮಾಹಿತಿ, ಟ್ರಾಫಿಕ್ಕು ಬೇಕಾದರೆ ಗೂಗಲ್ ಮುಂದಿದೆ. ಆದರೆ ಬುಕ್ಕಾಂಬುಧಿ ಬೆಟ್ಟದ ದಾರಿ, ತೋಟದ ನಡುವಿನ ಬಂಡಿ ಜಾಡು, ಕೆರೆ ಏರಿ, ಇವನ್ನು ಕನ್ನಡದ ಹೆಸರಿನೊಂದಿಗೆ ನಾವೇ ಬರೆಯಬಹುದಾದ ನಕ್ಷೆ ಇದು. ಅಜ್ಜಂಪುರ ತಾಲ್ಲೂಕಾದ ಮೇಲೂ ನಮ್ಮನ್ನು ತರೀಕೆರೆ ತಾಲ್ಲೂಕೆಂದೇ ತೋರಿಸುವ ಪಟ್ಟಿಗಳಿವೆ. ಅಂಥದ್ದನ್ನು ಇಲ್ಲಿ ತಿದ್ದಲು ಯಾರಿಗೂ ಅರ್ಜಿ ಹಾಕಬೇಕಿಲ್ಲ. ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಕೊಟ್ಟರೆ ಹೈಸ್ಕೂಲ್ ಮಕ್ಕಳು ಆಟದಂತೆ ನಕ್ಷೆಯಲ್ಲಿ ಬಿಟ್ಟುಹೋದ ವಿವರ ತುಂಬುತ್ತಾರೆ. ಹೊಲದ ಸರ್ವೆ ನಂಬರಿಗೆ ಮಾತ್ರ ಸರ್ಕಾರದ ದಿಶಾಂಕ್ ಆ್ಯಪೇ ಬೇಕು.

12. ಹಳೆಯ ಕಂಪ್ಯೂಟರಿಗೆ ಲಿನಕ್ಸ್, ಆದರೆ ಒಂದು ವಿಂಡೋಸ್ ಉಳಿಯಲಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಳೆಯ ಪ್ರೊಸೆಸರ್‌ಗಳನ್ನು ಸೇರಿಸಿಕೊಳ್ಳುವುದಿಲ್ಲ. ಚೆನ್ನಾಗಿ ಓಡುವ ಕಂಪ್ಯೂಟರನ್ನು ಗುಜರಿಗೆ ಹಾಕುವ ಬದಲು ಒಂದು ಎಸ್‌ಎಸ್‌ಡಿ, 4 ಜಿಬಿ ರ್‍ಯಾಮ್, ಲಿನಕ್ಸ್ ಮಿಂಟ್ ಹಾಕಿದರೆ ಇನ್ನೂ ಹಲವು ವರ್ಷ ಬಾಳುತ್ತದೆ. ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ: ವೈಫೈ, ಧ್ವನಿ, ಮುಖ್ಯವಾಗಿ ಪ್ರಿಂಟರ್. ಜೆರಾಕ್ಸ್ ಅಂಗಡಿಗಳಲ್ಲಿರುವ ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ಗೆ ಸುಲಭವಾಗಿ ಒಗ್ಗುವುದಿಲ್ಲ.

ಮಕ್ಕಳಿಗೆ ಕಷ್ಟವಾಗುತ್ತದೆ ಅನ್ನುವವರಿಗೆ ಕಾಸರಗೋಡು ತೋರಿಸುತ್ತೇನೆ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕಲಿಕೆ ಬಹಳ ವರ್ಷಗಳಿಂದ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ಲಿನಕ್ಸ್ ಸಿದ್ಧಪಡಿಸುತ್ತದೆ. ಐಸಿಟಿ ಪಠ್ಯಪುಸ್ತಕಗಳು ಕನ್ನಡದಲ್ಲೂ ಬರುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಜಿಂಪ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್ ಕಲಿಯುವುದು ಕನ್ನಡದ ಪುಸ್ತಕದಿಂದ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಆದದ್ದು ನಮ್ಮ ಮಕ್ಕಳಿಗೂ ಆಗುತ್ತದೆ.

ನನ್ನ ಅಂಗಡಿಯಲ್ಲಿ ಒಂದು ವಿಂಡೋಸ್ ಕಂಪ್ಯೂಟರ್ ಇನ್ನೂ ಇದೆ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಕೆಲಸಕ್ಕೆ ಅದು ಬೇಕು. ಗಿರಾಕಿಯ ಪಿಂಚಣಿ ನಿಲ್ಲಿಸಿ ನಾನು ಸಿದ್ಧಾಂತ ಉಳಿಸಿಕೊಳ್ಳುವುದಿಲ್ಲ.

13. ಕೈಲಾದದ್ದು ಕೊಡಿ

ಸಿಗ್ನಲ್ ಜಾಹೀರಾತು ಹಾಕುವುದಿಲ್ಲ. 2025ರ ಹೊತ್ತಿಗೆ ತನ್ನ ಖರ್ಚು ವರ್ಷಕ್ಕೆ ಸುಮಾರು 5 ಕೋಟಿ ಡಾಲರ್ ಆಗಬಹುದು ಎಂದು ಅದು 2023ರಲ್ಲೇ ಹೇಳಿತ್ತು. ಅದು ಬಹುಪಾಲು ಬರಬೇಕಾದದ್ದು ದೇಣಿಗೆಯಿಂದ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಸಂಬಳಕ್ಕೆ ಹುಟ್ಟಿದವಲ್ಲ. ಲಿನಕ್ಸ್ ಮಾಡಿಕೊಟ್ಟಾಗ ಉಳಿದ ಲೈಸೆನ್ಸ್ ದುಡ್ಡಿನಲ್ಲಿ ಸ್ವಲ್ಪ ಯಾವುದಾದರೂ ಯೋಜನೆಗೆ ಕೊಡಿ ಎಂದು ಗಿರಾಕಿಗಳಿಗೆ ಹೇಳುತ್ತೇನೆ. ದುಡ್ಡಿಲ್ಲದವರು ಅನುವಾದ ಮಾಡಬಹುದು, ದೋಷ ತಿಳಿಸಬಹುದು. ಲಿಬ್ರೆ ಆಫೀಸಿನ, ಫೈರ್‌ಫಾಕ್ಸಿನ ಕನ್ನಡ ರೂಪ ಸ್ವಯಂಸೇವಕರ ದುಡಿಮೆ. ಅದಕ್ಕೆ ಇನ್ನೂ ಕೈ ಬೇಕು. ಹಣ ಕಳಿಸುವ ವಿಷಯದಲ್ಲಿ ಯುಪಿಐ ಬಿಟ್ಟು ಈಗ ಬದುಕಿಲ್ಲ. ಎನ್‌ಪಿಸಿಐನ ಭೀಮ್ ಅಥವಾ ನಿಮ್ಮ ಬ್ಯಾಂಕಿನದೇ ಆ್ಯಪ್ ಬಳಸಿದರೆ ನಿಮ್ಮ ಖರ್ಚಿನ ಲೆಕ್ಕ ನೋಡುವ ಕಂಪನಿ ಒಂದಾದರೂ ಕಡಿಮೆಯಾಗುತ್ತದೆ.

14. ಊರಿಗೆ ನಾನೇ ಗೂಗಲ್ ಆಗಬಾರದು

ಕೊನೆಯದು ನನ್ನಂಥ ಅಂಗಡಿಯವರಿಗೆ. ಜನ ನಂಬಿ ಬರುತ್ತಾರೆ. "ಪಾಸ್‌ವರ್ಡ್ ನೀನೇ ಇಟ್ಕೊಳಪ್ಪ, ನಂಗೆ ನೆನಪಿರಲ್ಲ" ಅನ್ನುತ್ತಾರೆ. ಇಟ್ಟುಕೊಂಡರೆ ಊರಿನ ಅರ್ಧ ಮೇಲ್, ಅರ್ಧ ಬ್ಯಾಂಕು ನನ್ನ ಕೈಯಲ್ಲಿ. ನನಗೆ ಕಾಯಿಲೆ ಬಂದರೆ, ನಾನು ಅಂಗಡಿ ಮುಚ್ಚಿದರೆ, ನನ್ನ ಬುದ್ಧಿ ಕೆಟ್ಟರೆ ಅವರು ಎಲ್ಲಿಗೆ ಹೋಗಬೇಕು? ಆದ್ದರಿಂದ ಓದು ಬರಹ ಬಲ್ಲವರಿಗೆ ಪಾಸ್‌ವರ್ಡ್ ಕಾಪಿಡುವ ಕೀಪಾಸ್‌ಎಕ್ಸ್‌ಸಿ ಹಾಕಿಕೊಟ್ಟು, ಮುಖ್ಯ ಪಾಸ್‌ವರ್ಡ್ ಹೊಡೆಯುವಾಗ ಮುಖ ತಿರುಗಿಸಿ ನಿಲ್ಲುತ್ತೇನೆ. ಮಿಕ್ಕವರಿಗೆ ಒಂದು ಪುಟ್ಟ ಪುಸ್ತಕ. ಅವರ ಮನೆಯ ಹುಡುಗಿಯೋ ಹುಡುಗನೋ ಬರೆದು ಬೀರುವಿನಲ್ಲಿಡಲಿ.

ಏನು ಹಾಕಿದೆ, ಯಾಕೆ ಹಾಕಿದೆ, ತೆಗೆಯುವುದು ಹೇಗೆ, ಈ ಮೂರನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೈಗೆ ಕೊಡುತ್ತೇನೆ. ಅದನ್ನು ಹಿಡಿದುಕೊಂಡು ಅವರು ಅಜ್ಜಂಪುರಕ್ಕೋ ತರೀಕೆರೆಗೋ ಹೋಗಿ ಬೇರೆ ಅಂಗಡಿಯಲ್ಲಿ ಕೆಲಸ ಮಾಡಿಸಿಕೊಳ್ಳಬಹುದು. ಕೆಲವರು ಹೋಗಿದ್ದಾರೆ. ವ್ಯಾಪಾರಕ್ಕೆ ಅದು ನಷ್ಟವೇ. ಆದರೆ ನನ್ನನ್ನು ಬಿಟ್ಟು ಹೋಗಲು ಆಗದವರಿಗೆ, ದೊಡ್ಡ ಕಂಪನಿಗಳನ್ನು ಬಿಡಿ ಎಂದು ಹೇಳುವ ಬಾಯಿ ನನಗಿರುವುದಿಲ್ಲ.